ಬಿಳಿ ಗೆರೆ ಸರಿದಿತ್ತು

ದೋಣಿಗಳು ನಿಲ್ಲುವ ದಕ್ಕೆಯ ಜನ ಅವನನ್ನು ಎದುರಿಗೆ ಟ್ಯಾಪೆಟ್ ಮೇಸ್ತ್ರಿ ಎನ್ನುತ್ತಿದ್ದರು, ಬೆನ್ನ ಹಿಂದೆ ಅನುಮಾನದ ಮೇಸ್ತ್ರಿ. ಹೊಸ ಗ್ಯಾಸ್ಕೆಟ್ ತಂದರೆ ಅದನ್ನು ಬೆಳಕಿಗೆ ಹಿಡಿದು, ಮೂಸಿ, ಹಳೆಯದರ ಮೇಲಿಟ್ಟು ತೂತಿಗೆ ತೂತು ಕೂಡುತ್ತದೆಯೇ ಎಂದು ನೋಡದೆ ಎಂಜಿನ್ನಿಗೆ ಹಾಕಿದವನಲ್ಲ. ಸಕ್ಕರೆ ಕಾಯಿಲೆಯೆಂದು ಡಾಕ್ಟರು ಸಿಹಿ ಬಿಡಿಸಿ ಆರು ವರ್ಷವಾಗಿತ್ತು. ಹೆಂಡತಿ ಚಹಾ ಕೊಟ್ಟಾಗಲೆಲ್ಲ, "ಸಕ್ಕರೆ ಹಾಕಿಲ್ಲ ತಾನೆ?" ಎಂದು ಕೇಳುತ್ತಿದ್ದ.

"ಹಾಕಿದೀನಿ ಅಂದ್ರೂ ನಂಬಲ್ಲ, ಇಲ್ಲ ಅಂದ್ರೂ ನಂಬಲ್ಲ. ಕುಡಿದು ನೋಡಿ" ಎನ್ನುತ್ತಿದ್ದಳು ಅವಳು.

ಮೂರು ದೋಣಿಗಳ ಡೀಸೆಲ್ ಎಂಜಿನ್ನುಗಳು ಅವನ ಕೈಯಲ್ಲಿದ್ದವು. ಅವುಗಳಲ್ಲಿ ಒಂದು, ಜನರನ್ನು ಆಚೆ ದಡಕ್ಕೆ ದಾಟಿಸುವ ಅವನ ತಂಗಿಯ ದೋಣಿ. ಟ್ಯಾಪೆಟ್, ಅಂದರೆ ವಾಲ್ವುಗಳ ಸಂದು, ಹೊಂದಿಸಿ ಮೇಲಿನ ಮುಚ್ಚಳ ಬಿಗಿದ ಮೇಲೆ, ನಟ್ಟಿನಿಂದ ಮುಚ್ಚಳದವರೆಗೆ ಬಿಳಿ ಬಣ್ಣದ ಒಂದು ಸಣ್ಣ ಗೆರೆ ಎಳೆಯುವುದು ಅವನ ಪದ್ಧತಿ. ಯಾರಾದರೂ ನಟ್ಟು ತಿರುಗಿಸಿದರೆ ಗೆರೆ ಮುರಿಯುತ್ತದೆ.

ಒಂದು ಬೆಳಿಗ್ಗೆ ತಂಗಿಯ ದೋಣಿಯಲ್ಲಿ ಆ ಗೆರೆಯ ಎರಡು ತುದಿಗಳು ಅಕ್ಕಿಕಾಳಿನಷ್ಟು ಸರಿದಿದ್ದವು. ಮುಚ್ಚಳ ತೆಗೆದರೆ ಒಳಗಿನ ನಟ್ಟುಗಳ ಮೂಲೆಯಲ್ಲಿ ಸ್ಪ್ಯಾನರ್ ತಾಗಿದ ಹೊಸ ಹೊಳಪು. ಅಳತೆಯ ಉಕ್ಕಿನ ಪಟ್ಟಿಯನ್ನು ಸಂದಿನಲ್ಲಿ ತೂರಿಸಿ ನೋಡಿದ, ಎಲ್ಲ ಸರಿಯಾಗಿಯೇ ಇದ್ದಂತಿತ್ತು. ಕಳ್ಳ ಬಂದು ಏನೂ ಕದಿಯದೆ ಹೋದರೆ ಅದು ಇನ್ನೂ ಕೆಟ್ಟದ್ದು ಎಂದುಕೊಂಡ.

ಚಹಾದಂಗಡಿಯಲ್ಲಿ ಯಾರನ್ನೂ ನೋಡದವನಂತೆ, "ನನ್ನ ಎಂಜಿನ್ನಿಗೆ ಯಾರದೋ ಕೈ ಹೋಗಿದೆ" ಎಂದ.

"ನಂದಂತೂ ಅಲ್ಲ ಮೇಸ್ತ್ರಿ" ಎಂದು ನಕ್ಕ, ಐಸ್ ಫ್ಯಾಕ್ಟರಿ ಪಕ್ಕದಲ್ಲಿ ಹೊಸದಾಗಿ ಅಂಗಡಿ ಹಾಕಿದ್ದ ಮೆಕ್ಯಾನಿಕ್.

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ! ಮೇಸ್ತ್ರಿಗೆ ಬೇರೆ ಸಾಕ್ಷಿ ಬೇಕಿರಲಿಲ್ಲ. ಆದರೂ ಕೈಯಾರೆ ಹಿಡಿಯಬೇಕೆಂದು ಕಾದ.

ಮುಂದಿನ ತಿಂಗಳು ಅದೇ ಎಂಜಿನ್ನಿನ ಹೆಡ್ಡಿನಿಂದ ನೀರು ಜಿನುಗತೊಡಗಿತು. ಹೆಡ್ ಬಿಚ್ಚಿ, ಅಂಟಿದ್ದ ಹಳೆ ಗ್ಯಾಸ್ಕೆಟ್ಟಿನ ಚೂರುಗಳನ್ನು ಕೆರೆದು, ಹೊಸದನ್ನು ಕೂರಿಸಿ, ನಟ್ಟುಗಳನ್ನು ನಡುವಿನಿಂದ ಅಂಚಿನ ಕಡೆಗೆ ಬಿಗಿದ. ಒಂದು ದಿನ ಓಡಿಸಿ, ಮರುದಿನ ಬೆಳಿಗ್ಗೆ ಎಂಜಿನ್ ತಣ್ಣಗಿದ್ದಾಗ ಮತ್ತೊಮ್ಮೆ ಬಿಗಿದು, ಸಂದು ಹೊಂದಿಸಿ, ಗೆರೆ ಎಳೆದ. "ಪೇಟೆಗೆ ಹೋಗ್ತೀನಿ, ಸಂಜೆ ಬರ್ತೀನಿ" ಎಂದು ದಕ್ಕೆಗೆಲ್ಲ ಕೇಳುವಂತೆ ಹೇಳಿ ಹೊರಟವನು, ತಿರುವು ದಾಟಿ ವಾಪಸು ಬಂದು ಖಾಲಿ ಪೀಪಾಯಿಗಳ ಹಿಂದೆ ಕುಳಿತ.

ಹತ್ತು ನಿಮಿಷವೂ ಆಗಲಿಲ್ಲ. ತಂಗಿ ಅತ್ತಿತ್ತ ನೋಡಿ ಎಂಜಿನ್ನಿನ ಮುಚ್ಚಳ ಬಿಚ್ಚಿದಳು. ಕೈಯಿಂದ ಚಕ್ರ ತಿರುಗಿಸಿ, ಪಟ್ಟಿ ತೂರಿಸಿ, ಸ್ಕ್ರೂ ಒಂದಿಷ್ಟು ಸಡಿಲಿಸಿ ನಟ್ಟು ಬಿಗಿದಳು. ಮುಚ್ಚಳ ಹಾಕಿದ ಮೇಲೆ ಸೆರಗಿನ ಗಂಟಿನಿಂದ ಪುಟ್ಟ ಬಣ್ಣದ ಡಬ್ಬಿ, ಕುಂಚ ತೆಗೆದು, ಮುರಿದ ಗೆರೆಯನ್ನು ಒರೆಸಿ ಹೊಸದಾಗಿ ಬರೆಯತೊಡಗಿದಳು.

"ಎಷ್ಟು ದಿನದಿಂದ ನಡೀತಿದೆ ಇದು?" ಮೇಸ್ತ್ರಿ ದೋಣಿಗೆ ಇಳಿದು ಕೇಳಿದ.

ಅವಳು ಬೆಚ್ಚಿದಳು, ಆದರೆ ಕುಂಚ ಕೆಳಗಿಡಲಿಲ್ಲ. "ಒಂದು ವರ್ಷ ಆಯ್ತು ಅಣ್ಣ. ಹೋದ ತಿಂಗಳು ಬಣ್ಣ ಮುಗಿದಿತ್ತು, ಗೆರೆ ಬರೆಯೋಕೆ ಆಗಲಿಲ್ಲ."

"ನನ್ನ ಕೆಲಸ ಕೆಡಿಸೋದಕ್ಕೆ ನಿಂಗೆ ಯಾರು ಹೇಳಿಕೊಟ್ರು? ಆ ಐಸ್ ಫ್ಯಾಕ್ಟರಿಯವನಾ?"

"ಕಲಿಸಿದ್ದು ಅಪ್ಪ, ನಿನ್ನ ಪಕ್ಕದಲ್ಲೇ ಕೂರಿಸಿಕೊಂಡು. ಹೋದ ವರ್ಷ ನಡುನೀರಲ್ಲಿ ಎಂಜಿನ್ ದಮ್ಮು ಕಟ್ಟಿ ನಿಂತಿತ್ತಲ್ಲ, ಹನ್ನೊಂದು ಜನ ಇದ್ರು. ನೀನು ಡೀಸೆಲ್‌ಗೆ ಯಾರೋ ನೀರು ಬೆರೆಸಿದಾರೆ ಅಂದೆ. ನಾನು ಬಿಚ್ಚಿ ನೋಡಿದೆ. ಸಂದೇ ಇರಲಿಲ್ಲ, ಬಿಸಿಯಾದ್ರೆ ವಾಲ್ವು ಮುಚ್ಚೋದಾದ್ರೂ ಹೇಗೆ?"

"ಸುಳ್ಳು."

"ಹಾಗಾದ್ರೆ ಕಣ್ಣು ಮುಚ್ಚು."

ಅವಳು ಮತ್ತೆ ಮುಚ್ಚಳ ತೆಗೆದು, ಎರಡು ವಾಲ್ವುಗಳಿಗೆ ಬೇರೆ ಬೇರೆ ದಪ್ಪದ ಎರಡು ಪಟ್ಟಿ ಸಿಕ್ಕಿಸಿ, ಎಳೆದು ನೋಡು ಎಂದಳು. ಪುಸ್ತಕದ ನಡುವಿನಿಂದ ಹಾಳೆ ಎಳೆದಷ್ಟು ಬಿಗಿ ಇರಬೇಕು, ಅದು ಅವನಿಗೆ ನಿದ್ದೆಯಲ್ಲೂ ಗೊತ್ತು. ಎರಡನ್ನೂ ಎಳೆದ. ಮತ್ತೊಮ್ಮೆ ಎಳೆದ.

"ಎರಡೂ ಒಂದೇ."

ಅವನು ಕಣ್ಣು ಬಿಟ್ಟರೆ, ಒಂದು ಪಟ್ಟಿ ದೋಣಿಯ ಓಲಾಟಕ್ಕೇ ತಾನಾಗಿ ಜಾರಿ ಬಿತ್ತು. ಇನ್ನೊಂದು ಅಲ್ಲಾಡಲಿಲ್ಲ.

ಬೆರಳ ತುದಿಗಳನ್ನು ಒಂದಕ್ಕೊಂದು ಉಜ್ಜಿದ. ದಪ್ಪ ಬಟ್ಟೆಯ ಮೇಲಿಂದ ಯಾರೋ ಮುಟ್ಟಿದಂತಿತ್ತು. ಎಷ್ಟೋ ದಿನದಿಂದ ಹಾಗೇ ಇತ್ತು, ಗ್ರೀಸಿನ ಗುಣವೇ ಕೆಟ್ಟಿದೆ ಎಂದು ಅಂಗಡಿಯವನನ್ನು ಬೈದಿದ್ದ.

"ನಂಗೆ ಹೇಳಬಾರದಿತ್ತಾ?"

"ಹೇಳಿದ್ರೆ ನಂಬ್ತಿದ್ಯಾ?"

ಅವನು ತಟ್ಟನೆ ದಕ್ಕೆಯ ಕಡೆ ತಿರುಗಿದ. ಉಳಿದ ಎರಡು ದೋಣಿಗಳಿಗೆ ಹಿಂದಿನಿಂದ ಸರಿಪಡಿಸುವ ತಂಗಿ ಇರಲಿಲ್ಲ.

ಆವತ್ತು ಅವಳ ದೋಣಿ ಆಚೆ ದಡಕ್ಕೆ ಹೋಗಲಿಲ್ಲ. ಇಬ್ಬರೂ ಉಳಿದ ದೋಣಿಗಳನ್ನು ತಡೆದು ನಿಲ್ಲಿಸಿದರು. ಮೊದಲನೆಯದು ಸರಿಯಿತ್ತು. ಎರಡನೆಯದರ ಒಂದು ವಾಲ್ವಿನಲ್ಲಿ ಅತಿ ತೆಳುವಾದ ಪಟ್ಟಿಯೂ ತೂರಲಿಲ್ಲ. ಅದರ ಒಡೆಯ, ಮುದುಕ, ಮೇಲಿನಿಂದ ಬಗ್ಗಿ ಕೇಳಿದ.

"ಏನಾಗಿದೆ ಮೇಸ್ತ್ರಿ? ಯಾರಾದ್ರೂ ಕೈ ಹಾಕಿದಾರಾ?"

ಮೇಸ್ತ್ರಿ ಪಟ್ಟಿಯನ್ನು ಒರೆಸಿ ಕೆಳಗಿಟ್ಟ. "ನಾನೇ ಹಾಕಿದ್ದು. ನನ್ನ ಬೆರಳು ಸತ್ತಿದೆ. ಇನ್ಮೇಲೆ ಸಂದು ಹೊಂದಿಸೋದು ಇವಳು" ಎಂದು ಸ್ಪ್ಯಾನರನ್ನು ತಂಗಿಯ ಕೈಗಿತ್ತ.

ಅವಳು ಬಗ್ಗಿ ಸ್ಕ್ರೂ ಸಡಿಲಿಸಿದಳು. ಅವಳ ಭುಜದ ಮೇಲಿಂದ ಇಣುಕಿ ನೋಡುತ್ತ ಮೇಸ್ತ್ರಿ, "ನಟ್ಟು ಬಿಗಿಯುವಾಗ ಸ್ಕ್ರೂ ತಿರುಗಿ ಹೋಗುತ್ತೆ. ಇನ್ನೊಂದು ಸಲ ನೋಡು" ಎಂದ.