ಗಾಳಿ ಕಾದ ಕಣ

ಆಗೆಲ್ಲ ನಮ್ಮ ಜಗಳೂರು ಕಡೆ ಗಾಳಿಗೇನೂ ಬರವಿರಲಿಲ್ಲ. ಬೇಕೆಂದಾಗ ಮಾತ್ರ ಬರುತ್ತಿರಲಿಲ್ಲ. ಮಾತಿನಲ್ಲಂತೂ ಬರೀ ಗಾಳಿಯೇ. ಮಗು ಬೆಚ್ಚಿಬಿದ್ದರೆ ಗಾಳಿ ಸೋಕಿತು, ಚಾವಡಿಯ ಸುದ್ದಿ ಗಾಳಿಮಾತು, ಓದಲು ಹೊರಟ ನಮ್ಮಕ್ಕನಿಗೆ ಪ್ಯಾಟೆ ಗಾಳಿ ಬಡಿದಿತ್ತು. ಹಾಗೆಂದವಳು ಬೇರೆ ಯಾರೂ ಅಲ್ಲ, ನಮ್ಮಜ್ಜಿ.

ಆ ವರ್ಷ ನವಣೆ ಬಡಿದು ಕಣದಲ್ಲಿ ರಾಶಿ ಹಾಕಿದ್ದೆವು. ತೂರಿ ಹೊಟ್ಟು ಹಾರಿಸೋಣವೆಂದರೆ ಎಲೆಯೂ ಅಲ್ಲಾಡದು. ಅಕ್ಕನಿಗೆ ದಾವಣಗೆರೆಯಲ್ಲಿ ನರ್ಸ್ ತರಬೇತಿಗೆ ಸೀಟು ಸಿಕ್ಕಿತ್ತು. ಅಪ್ಪನ ಜೊತೆ ಹೋಗಿ ಸೇರಲು ಅಂದೇ ಕಡೆಯ ದಿನ. ಆದರೆ ರಾಶಿ ಮನೆ ಸೇರುವ ತನಕ ಯಜಮಾನ ಕಣ ಬಿಟ್ಟು ಊರು ದಾಟಬಾರದೆಂಬುದು ನಮ್ಮ ಮನೆಯ ಕಟ್ಟಳೆ. ನಿಂತು ತೂರುವ ಎತ್ತರದ ಅಟ್ಟಣಿಗೆಯನ್ನು ಹೆಂಗಸರು ಹತ್ತಬಾರದೆಂಬುದು ಇನ್ನೊಂದು.

ನನಗೋ ಕೂತಲ್ಲಿ ಕೂರಲಾಗದು, ನಿಂತಲ್ಲಿ ನಿಲ್ಲಲಾಗದು. ರೊಟ್ಟಿ, ಶೇಂಗಾ ಚಟ್ನಿ ಬುತ್ತಿಯಲ್ಲೇ ಉಳಿಯಿತು. ಅವ್ವ ಮತ್ತೆ ಮತ್ತೆ ಚಿಟಿಕೆ ಹೊಟ್ಟು ಎತ್ತಿ ಬಿಡುತ್ತಿದ್ದಳು; ಅದು ನೆಟ್ಟಗೆ ಅವಳ ಕಾಲ ಮೇಲೇ ಬೀಳುತ್ತಿತ್ತು. ಮೇಲೆ ಮೋಡ ಬೇರೆ ಕವಿಯುತ್ತಿತ್ತು. ಅಕ್ಕ ಟ್ರಂಕಿನ ಮೇಲೆ ಕೂತು ಉಗುರು ಕಡಿಯುತ್ತಿದ್ದಳು.

ತಿರುವಿನಲ್ಲಿ ಮಧ್ಯಾಹ್ನದ ಬಸ್ಸಿನ ಧೂಳು ಕಂಡಿತು. ಅಪ್ಪ ಎದ್ದು ಟವೆಲ್ ಕೊಡವಿದ.

“ಗಾಳಿ ಬಂದ್ರೆ ನೀನೇ ಹತ್ತಿ ತೂರು,” ಎಂದ ಅವ್ವನಿಗೆ.

“ಊರು ಏನಂದೀತು?”

“ಊರ ಬಾಯಾಗೆ ಗಾಳಿ ಯಾವಾಗ್ಲೂ ಐತೆ. ಕಣಕ್ಕೆ ಬಂದ್ರೆ ಸಾಕು.”

ಟ್ರಂಕು ಹೊತ್ತು ಅಪ್ಪ ಮುಂದೆ, ಅಕ್ಕ ಹಿಂದೆ. ಬಸ್ಸು ಕೆರೆ ಏರಿ ಹತ್ತುವಷ್ಟರಲ್ಲಿ ಬೇವಿನ ಮರ ಸುಯ್ಯೆಂದಿತು. ಅವ್ವ ಸೆರಗು ಬಿಗಿದು ಅಟ್ಟಣಿಗೆ ಹತ್ತಿಯೇಬಿಟ್ಟಳು. ನಾನು ಮೊರ ತುಂಬಿ ತುಂಬಿ ಕೊಟ್ಟೆ. ಕಣ್ಣಲ್ಲಿ ಧೂಳು, ಮೈಯೆಲ್ಲ ಹೊಟ್ಟಿನ ತುರಿಕೆ. ಅಜ್ಜಿ ಗೊಣಗುತ್ತಲೇ ಬಂದು, ಸೊಸೆ ಬಿದ್ದಾಳೆಂದು ಅಟ್ಟಣಿಗೆಯ ಕಾಲು ಹಿಡಿದು ನಿಂತಳು. ಹನಿ ಬೀಳುವ ಮುಂಚೆ ರಾಶಿ ಮನೆ ಸೇರಿತು.

ಈಗ ಎಲ್ಲಿ ನೋಡಿದರೂ ಮೆಕ್ಕೆಜೋಳ. ಯಂತ್ರ ಬಂದು ಬೇಗ ಮುಗಿಸಿ ಹೋಗುತ್ತದೆ. ಗಾಳಿ ಕಾಯುವವರೇ ಇಲ್ಲ. ನಾನೂ ಅಷ್ಟೇ, ಗಾಳಿ ಎದ್ದರೆ ಧೂಳೆಂದು ಕಿಟಕಿ ಹಾಕುತ್ತೇನೆ. ಅಕ್ಕ ಬಂದಾಗ ಮಾತ್ರ ಅದನ್ನು ತೆರೆದಿಡುತ್ತಾಳೆ. ಅಂದು ಏರಿಯ ಮೇಲಿಂದ ಹಿಂತಿರುಗಿ ನೋಡಿದಾಗ ಅವಳಿಗೆ ನಾವ್ಯಾರೂ ಕಾಣಲಿಲ್ಲವಂತೆ, ಕಣದ ಮೇಲೆ ಹಾರುವ ಹೊಟ್ಟು ಕಂಡಿತಂತೆ.

“ಅವಾಗ್ಲೇ ನಂಗೆ ಉಸಿರು ಬಂದಿದ್ದು ನೋಡು,” ಎನ್ನುತ್ತಾಳೆ.

ಇಬ್ಬರೂ ಕಿಟಕಿಯಲ್ಲಿ ನಿಂತು ಹಳೆಯ ಕಣದ ಕಡೆ ನೋಡುತ್ತೇವೆ. ಗಾಳಿ ಬೇಕಾದಷ್ಟಿದೆ. ತೂರುವ ಅವ್ವನಿಲ್ಲ.