ಸದಸ್ಯೆಯಲ್ಲದವಳ ಎದೆನೋವು

ಟ್ಯೂಬ್ ರೈಲಿನಿಂದಿಳಿದು ಸ್ಟ್ಯಾನ್ಮೋರ್ ಸ್ಟೇಷನ್ನಿನ ಮೆಟ್ಟಿಲು ಹತ್ತುವ ಜನ ನಡುವೆ ನಿಂತುಬಿಡುವುದಕ್ಕೆ ಎಷ್ಟೆಲ್ಲ ಕಾರಣಗಳಿವೆಯೆಂದು ನೀವು ಎಂದಾದರೂ ಗಮನಿಸಿದ್ದೀರಾ? ಒಬ್ಬ ಷೂ ಲೇಸು ಕಟ್ಟುತ್ತಾನೆ, ಇನ್ನೊಬ್ಬಳಿಗೆ ಅಲ್ಲೇ ಫೋನು ಬರುತ್ತದೆ, ಮತ್ತೊಬ್ಬರು ಕೊಡೆಯನ್ನು ರೈಲಿನಲ್ಲೇ ಬಿಟ್ಟದ್ದನ್ನು ನೆನೆದು ಹಣೆ ಚಚ್ಚಿಕೊಳ್ಳುತ್ತಾರೆ. ನನ್ನ ಹೆಂಡತಿ ಸುಶೀಲ ಕಳೆದ ಚಳಿಗಾಲದಿಂದ ಸರಿಯಾಗಿ ಅರ್ಧದಲ್ಲಿ ನಿಲ್ಲುತ್ತಿದ್ದಳು. ಮೊದಮೊದಲು ಅದಕ್ಕೆ ಯಾವ ನೆಪವೂ ಇರಲಿಲ್ಲ. ಯುಗಾದಿಯಿಂದ ಈಚೆಗೆ ನನಗೆ ಬೆನ್ನು ತಿರುಗಿಸಿ ಕೈಚೀಲದಲ್ಲಿ ಏನನ್ನೋ ಹುಡುಕತೊಡಗಿದಳು. ಏನದು ಎಂದರೆ, "ಕಾರ್ಡ್ ರೀ. ಮ್ಯಾಲೆ ಗೇಟಿಗೆ ಬೇಕಲ್ಲ" ಎನ್ನುವಳು. ಟಿಕೆಟ್ಟಿನ ಕಾರ್ಡು ಅವಳ ಕೋಟಿನ ಜೇಬಿನಲ್ಲಿರುವುದು ನನಗೆ ಗೊತ್ತಿತ್ತು. ಕೈ ಎದೆಯ ಕಡೆ ಹೋಗುವುದೂ ಕಾಣುತ್ತಿತ್ತು.

ಕಾರಿಲ್ಲವೇ ಎಂದು ಕೇಳುತ್ತೀರಿ. ಇತ್ತು. ರೌಂಡಬೌಟಿಗೊಂದು ಜಗಳ ತೆಗೆಯುವ ಗಂಡನ ಪಕ್ಕದಲ್ಲಿ ಕೂರುವುದಕ್ಕಿಂತ ಮೆಟ್ಟಿಲೇ ವಾಸಿ ಎಂದು ಅದನ್ನು ಮಾರಿಸಿದವಳು ಅವಳೇ. ಕೋಪ ನನ್ನ ಮೂಗಿನ ತುದಿಯಲ್ಲೇ ಇದೆಯೆಂಬ ಧಾರವಾಡದ ನನ್ನ ಮಾವನ ಮನೆಯವರ ಅಭಿಪ್ರಾಯವನ್ನು ಮೈಸೂರಿನವನಾದ ನಾನು ಮೂವತ್ತು ವರ್ಷಗಳಿಂದ ವಿನಯಪೂರ್ವಕವಾಗಿ ಅಲ್ಲಗಳೆಯುತ್ತ ಬಂದಿದ್ದೇನೆ.

ಆದರೆ ಬೆಳಿಗ್ಗೆ ಎಂಟಕ್ಕೆ ನಮ್ಮ ಜಿಪಿಗೆ, ಎಂದರೆ ಬಡಾವಣೆಯ ಸರ್ಕಾರಿ ಡಾಕ್ಟರಿಗೆ, ಫೋನು ಹಚ್ಚಿ, ಸರದಿ ಕಾಯುತ್ತ ಪಿಟೀಲಿನ ಒಂದೇ ತುಣುಕನ್ನು ನಲವತ್ತು ನಿಮಿಷ ಕೇಳಿದ ಯಾವ ಪ್ರಾಣಿಗೆ ತಾನೇ ಸಿಟ್ಟು ಬರುವುದಿಲ್ಲ? ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂಬ ಗಾದೆಯನ್ನು ಕಟ್ಟಿದವನು ಡಾಕ್ಟರರ ರಿಸೆಪ್ಷನಿಸ್ಟಳನ್ನು ಕಂಡೇ ಕಟ್ಟಿರಬೇಕು. ರೋಗಿಯೇ ಮಾತಾಡಬೇಕೆಂದು ಆಕೆ ಪಟ್ಟು ಹಿಡಿದರೆ, ರೋಗಿ ಅಡುಗೆಮನೆಯಿಂದ "ಏನೂ ಆಗಿಲ್ಲ ನನಗ, ಫೋನ್ ಇಡ್ರೀ" ಎಂದು ಕೂಗುತ್ತಿದ್ದಳು. ಇಬ್ಬರ ನಡುವೆ ನಾನು ಕಿರುಚಿದೆ. ಆ ತುದಿಯಲ್ಲಿ ಫೋನು ಕಟ್ಟಾಯಿತು. ಒಂದು ಭೇಟಿಗೆ ಒಂದೇ ಕಾಯಿಲೆ ಎಂದು ಅಲ್ಲಿಯ ಗೋಡೆಯ ಮೇಲೆ ಬರೆದು ಹಾಕಿದ್ದಾರೆ. ಕಾಯಿಲೆಗಳು ಸರದಿಯಲ್ಲಿ ಬರಲೊಪ್ಪದಿದ್ದರೆ ಏನು ಮಾಡಬೇಕೆಂದು ಬರೆದಿಲ್ಲ.

ಇಂಥ ದಿನಗಳಲ್ಲೇ ಬಾಗಿಲ ಸಂದಿಯಿಂದ ಖಾಸಗಿ ವೈದ್ಯರೊಬ್ಬರ ಜಾಹೀರಾತಿನ ನುಣುಪು ಕಾಗದ ಬಿತ್ತು. ತಿಂಗಳ ಚಂದಾ ಕಟ್ಟಿ ಸದಸ್ಯರಾದರೆ ಕಾಯುವ ಗೋಜಿಲ್ಲ, ಭೇಟಿಗೆ ಅರ್ಧ ಗಂಟೆ, ವೈದ್ಯರ ಸ್ವಂತ ನಂಬರು ನಿಮ್ಮ ಕೈಯಲ್ಲಿ. ಸುಶೀಲಳಿಗೆ ತೋರಿಸಿದರೆ, "ಜಿಮ್ಮಿಗೆ ಸೇರಿದಂಗ ಡಾಕ್ಟರಿಗೂ ಸೇರೂದೇನ್ರೀ?" ಎಂದು ಮುಖ ತಿರುಗಿಸಿದಳು. ಹಾಗಾದರೆ ನಾನೇ ಸೇರುತ್ತೇನೆಂದು ಸೇರಿದೆ. ಅದರ ಹಿಂದೆ ನನ್ನದೊಂದು ಮೈಸೂರು ಹಂಚಿಕೆಯಿತ್ತು.

ನಮ್ಮ ಅಗ್ರಹಾರದಲ್ಲಿ ವೈದ್ಯರ ಬಳಿಗೆ ಯಾರೂ ತಮ್ಮೊಬ್ಬರ ಕಾಯಿಲೆಯನ್ನು ಒಯ್ಯುತ್ತಿರಲಿಲ್ಲ. ನನ್ನ ತಂದೆ ಒಂದು ನೆಗಡಿ ಹೊತ್ತು ಹೋದರೆ ನಾಲ್ವರ ಔಷಧಿ ಹೊತ್ತು ಬರುತ್ತಿದ್ದರು. ಎದ್ದು ನಿಂತು, ಚಪ್ಪಲಿ ಮೆಟ್ಟುತ್ತ, "ಹಾಗೇ ಡಾಕ್ಟ್ರೇ, ನಮ್ಮ ತಾಯಿಗೆ ಮಂಡಿ..." ಎಂದು ಶುರು ಮಾಡುವರು. ಆ ವೈದ್ಯರು ಅಜ್ಜಿಯ ಮಂಡಿಯನ್ನು ಜನ್ಮದಲ್ಲಿ ಕಂಡವರಲ್ಲ. ಆದರೂ ಅದರ ಕ್ಷೇಮಸಮಾಚಾರವೆಲ್ಲ ಅವರಿಗೆ ತಿಳಿದಿತ್ತು. ಅಜ್ಜಿ ತೊಂಬತ್ತರವರೆಗೆ ಬದುಕಿದಳು. ಅದು ಔಷಧಿಯಿಂದಲೋ ಔಷಧಿಯನ್ನು ಮೀರಿಯೋ ನಾನು ಹೇಳಲಾರೆ.

ಹೊಸ ವೈದ್ಯರ ಕೋಣೆಯಲ್ಲಿ ಕಾಫಿ ಕೊಟ್ಟರು. ಮೆತ್ತನೆಯ ಕುರ್ಚಿ, ಸೌಮ್ಯವದನದ ಯುವಕ. ನನ್ನ ನಿದ್ರೆ, ಬೆನ್ನು, ಪಿತೃಪಿತಾಮಹರ ಸಕ್ಕರೆ ಕಾಯಿಲೆ ಎಲ್ಲವನ್ನೂ ಪುರಾಣಶ್ರವಣದ ಶ್ರದ್ಧೆಯಿಂದ ಕೇಳಿದರು. ಜಿಪಿಯ ಹತ್ತು ನಿಮಿಷಗಳನ್ನು ನೆನೆದು ನನ್ನ ಕಣ್ಣು ತೇವವಾಯಿತು. ಆಗ ಎದ್ದು ನಿಂತು, ಕೋಟಿನ ಗುಂಡಿ ಹಾಕುತ್ತ, ಹಾಗೇ ನನ್ನ ಹೆಂಡತಿಗೆ ಮೆಟ್ಟಿಲು ಹತ್ತುವಾಗ ಎದೆ ಹಿಡಿಯುತ್ತದೆ ಎಂದೆ.

ಅವರು ಪೆನ್ನು ಕೆಳಗಿಟ್ಟರು. ನಿಮ್ಮ ಪತ್ನಿ ಸದಸ್ಯರೇ ಎಂದು ಕೇಳಿದರು. ಅಲ್ಲವೆಂದಾಗ, ತಾವು ಪರೀಕ್ಷಿಸದವರ ಬಗ್ಗೆ ಏನೂ ಹೇಳಲಾಗದು, ಎದೆನೋವನ್ನು ಅಲಕ್ಷ್ಯ ಮಾಡಬಾರದು, ಈ ದಿನವೇ ಜಿಪಿಗೋ ಎಮರ್ಜೆನ್ಸಿಗೋ ಕರೆದೊಯ್ಯಿರಿ ಎಂದರು. ಇಷ್ಟೂ ಸರಿಯಾದ ಮಾತು, ಈಗ ಒಪ್ಪುತ್ತೇನೆ. ಆದರೆ ಮಾತಿನ ಕೊನೆಗೆ ಅವರ ಕೈ ಮೇಜಿನ ಖಾನೆಗೆ ಹೋಗಿ, ಒಂದು ಸದಸ್ಯತ್ವದ ಅರ್ಜಿ ಹೊರಬಂತು. ನನಗೆ ಮೈಯೆಲ್ಲ ಉರಿಯಿತು. ಕಾಯುವುದಕ್ಕೆ ಹೆದರಿದವರ ಹೆದರಿಕೆಯನ್ನೇ ತಿಂಗಳ ಲೆಕ್ಕದಲ್ಲಿ ಮಾರುವ ವಿದ್ಯೆಯನ್ನು ಯಾವ ಆಯುರ್ವೇದ ಕಲಿಸಿತು? ನನ್ನ ಅರ್ಧ ಗಂಟೆಯಲ್ಲಿ ಇನ್ನೂ ಏಳು ನಿಮಿಷ ಬಾಕಿಯಿತ್ತು. ಅಷ್ಟನ್ನೂ ಬೈಯುವುದಕ್ಕೆ ಬಳಸಿಕೊಂಡೆ. ಆ ಪುಣ್ಯಾತ್ಮ ಅದನ್ನೂ ಶ್ರದ್ಧೆಯಿಂದ ಕೇಳಿದರು.

ಅದೇ ಆವೇಶದಲ್ಲಿ ಮನೆಗೆ ಬಂದು, ಕೋಟು ಹಾಕಿಕೋ, ಎಮರ್ಜೆನ್ಸಿಗೆ ಹೋಗೋಣ ಎಂದು ಗರ್ಜಿಸಿದೆ. ಸುಶೀಲ ಹಂಚಿನ ಮೇಲಿನ ರೊಟ್ಟಿ ತೆಗೆದಿಟ್ಟು, ಒಲೆ ಆರಿಸಿ, ಕೈಚೀಲದಿಂದ ಹೆಬ್ಬೆರಳಿನುದ್ದದ ಒಂದು ಕೆಂಪು ಸ್ಪ್ರೇ ತೆಗೆದು ಮೇಜಿನ ಮೇಲಿಟ್ಟಳು. ಅದರ ಪಕ್ಕದಲ್ಲಿ ಆಸ್ಪತ್ರೆಯ ಕಾಗದ. ಯುಗಾದಿಯಾದ ವಾರವೇ ಜಿಪಿಯ ವೆಬ್‌ಸೈಟಿನಲ್ಲಿ ತಾನೇ ಅರ್ಜಿ ತುಂಬಿ, ಒಬ್ಬಳೇ ಹೋಗಿ, ಇಸಿಜಿ ತೆಗೆಸಿಕೊಂಡು ಬಂದಿದ್ದಳು. ಹೃದಯದ ತಜ್ಞರು ನೋಡಲಿಕ್ಕೆ ಇನ್ನು ಐದು ವಾರವಿದೆ. ಅಲ್ಲಿಯವರೆಗೆ ನೋವು ಬಂದರೆ ನಾಲಿಗೆಯಡಿಗೆ ಈ ಸ್ಪ್ರೇ, ಅದಕ್ಕೂ ನಿಲ್ಲದಿದ್ದರೆ ಆಂಬುಲೆನ್ಸು. ಮೆಟ್ಟಿಲ ನಡುವೆ ಅವಳು ಹುಡುಕುತ್ತಿದ್ದುದು ಇದನ್ನೇ.

ನನಗೇಕೆ ಹೇಳಲಿಲ್ಲ ಎಂದೆ. ನನ್ನ ದನಿ ಆಗಲೂ ಏರಿಯೇ ಇತ್ತು.

"ನಿಮಗ ಹೇಳಿದ್ರ ಅಲ್ಲಿ ಬಂದು ಒದರಾಡ್ತೀರಿ. ನಾ ನನ್ನ ಎದಿ ನೋಡ್ಕೋಬೇಕೋ, ನಿಮ್ಮ ಸಿಟ್ಟ ನೋಡ್ಕೋಬೇಕೋ?" ಎಂದಳು. ಸ್ಪ್ರೇಯನ್ನು ಮತ್ತೆ ಕೈಚೀಲಕ್ಕೆ ಹಾಕುತ್ತ, "ಅಲ್ಲಿಂದ ಏಳೂ ಮುಂದ ನಿಮ್ಮ ಬಿಪಿದೂ ಕೇಳೇನಿ. ಕರ್ಕೊಂಡ್ ಬರ್ರಿ ಅಂದಾರ" ಎಂದಳು. ಜಿಪಿಯ ಗೋಡೆಯ ಮೇಲಿನ ಶಾಸನವನ್ನು ಇವಳು ಎದ್ದು ನಿಲ್ಲುವಾಗಿನ ಒಂದು ಮಾತಿನಿಂದ ಮುರಿದು ಬಂದಿದ್ದಳು.

ಆ ಸಂಜೆ ನನಗೆ ನನ್ನ ಮೇಲೆ ಬಂದಂಥ ಸಿಟ್ಟು ಯಾವ ರಿಸೆಪ್ಷನಿಸ್ಟಳ ಮೇಲೂ ಬಂದಿರಲಿಲ್ಲ. ಎದೆನೋವನ್ನು ಗಂಡನಿಂದ ಮುಚ್ಚಿಡುವಷ್ಟು ಅವಳು ಹೆದರಿದ್ದಳು. ಮೂವತ್ತು ವರ್ಷ ನನ್ನ ಸಿಟ್ಟನ್ನು ನಾನು ಸ್ವಭಾವ ಎಂದು ಕರೆದುಕೊಂಡಿದ್ದೆ. ಸದಸ್ಯತ್ವವನ್ನು ಮರುದಿನವೇ ಬಿಟ್ಟೆ. ಅವಳನ್ನು ಐದು ವಾರ ಕಾಯಿಸುವುದರ ಮೇಲಿನ ಸಿಟ್ಟನ್ನು ಬಿಟ್ಟಿಲ್ಲ, ಬಿಡುವುದೂ ಇಲ್ಲ.

ಮೊನ್ನೆ ಮತ್ತೆ ಅದೇ ಮೆಟ್ಟಿಲು. ಅರ್ಧದಲ್ಲಿ ಸುಶೀಲ ನಿಂತಳು; ಈ ಸಲ ಬೆನ್ನು ತಿರುಗಿಸಲಿಲ್ಲ. ನಾನು ಕೈಚೀಲ ಹಿಡಿದುಕೊಂಡೆ, ಅವಳು ನಾಲಿಗೆ ಎತ್ತಿ ಸ್ಪ್ರೇ ಹೊಡೆದುಕೊಂಡು ಪಕ್ಕದ ಕಂಬಿಗೆ ಒರಗಿದಳು. ಹಿಂದಿನಿಂದ ಬಂದ ಸೂಟುಧಾರಿಯೊಬ್ಬ, ದಾರಿಯಲ್ಲಿ ನಿಂತ ನಮ್ಮನ್ನು ನೋಡಿ ಗಟ್ಟಿಯಾಗಿ ಲೊಚಗುಟ್ಟಿದ. ನನ್ನ ಮೂಗಿನ ತುದಿ ಬಿಸಿಯಾಯಿತು. ಬಾಯಿ ತೆರೆಯಲಾರದ ಸುಶೀಲ ಕಣ್ಣಂಚಿನಿಂದ ನನ್ನನ್ನೇ ನೋಡುತ್ತಿದ್ದಳು. ನಾನು ಗೋಡೆಗೆ ಸರಿದು ಅವನಿಗೆ ದಾರಿ ಬಿಟ್ಟೆ.

ಅವನು ಹತ್ತಿ ಹೋದ. ಅವಳು ಇನ್ನೊಂದಿಷ್ಟು ಹೊತ್ತು ನಿಂತು, ಕೈಚೀಲವನ್ನು ನನ್ನ ಕೈಯಲ್ಲೇ ಬಿಟ್ಟು, "ನಡೀರಿ" ಎಂದಳು.