ಗೋಣೆಪ್ಪನ ಕೈಗುಣ

ಗಂಡನ ಹೆಸರು ಹೇಳಿದ್ರ ಅವರ ಆಯುಷ್ಯ ಕಡಿಮಿ ಆಗತೈತಂತ. ಆಗಲಿ ಸ್ವಲ್ಪ. ಗೋಣೆಪ್ಪ. ನಾ ಅವರ ಹೇಣ್ತಿ ಗುಡ್ಡವ್ವ, ಊರು ಮೋಟೆಬೆನ್ನೂರು.

ಇವರು ಬ್ಯಾಡಗಿ ಮೆಣಸಿನಕಾಯಿ ಪ್ಯಾಟ್ಯಾಗ ನಲವತ್ತು ವರ್ಷ ಮಾಲು ನೋಡಿದವರು. ಚೀಲದಾಗ ಕೈ ಹಾಕಿ, ಒಂದು ಹಿಡಿ ಕಾಯಿ ಅಮುಕಿ, "ಹಸಿ ಐತಿ, ಇನ್ನೂ ಎರಡು ಬಿಸಲು ಬೇಕು" ಅಂದ್ರ ಮುಗೀತು. ಮಷಿನ್ ಇಟ್ಟು ನೋಡಿದ್ರೂ ಅಷ್ಟ ಬರತಿತ್ತಂತ. ಹಂಗಂತ ಇವರ ಹೇಳ್ತಾರ, ಮಷಿನ್ ಏನಂತಿತ್ತೋ ಯಾರು ಕೇಳ್ಯಾರ!

ಪ್ಯಾಟ್ಯಾಗ ಬಿಟ್ಟು ಬಂದಿದ್ರ ಚಲೋ ಇತ್ತು. ಆ ಕೈ ಮನಿಗೂ ಬಂತು. ನಾ ನಾದಿದ ಹಿಟ್ಟು ಒತ್ತೋದು, ಜ್ವರ ಬಂದವರ ರಟ್ಟಿ ಒತ್ತೋದು, ಎಲ್ಲಾದಕ್ಕೂ ಇವರದ ತೀರ್ಪು.

ಮೊಮ್ಮಗಳು ದೀಪಾಲಿಗೆ ಒಂಬತ್ತು ವರ್ಷಕ್ಕ ಸಕ್ಕರಿ ಬ್ಯಾನಿ ಬಂತು. ನಮ್ಮಂಥ ಮುದುಕರದಲ್ಲ, ಸಣ್ಣ ಹುಡುಗರಿಗೆ ಬರೋದು. ದಿನಾ ನಾಕು ಸಲ ಇನ್ಸುಲಿನ್ ಚುಚ್ಚಬೇಕು, ಅದಕ್ಕೂ ಮೊದಲ ಬೆರಳು ಚುಚ್ಚಿ ರಕ್ತ ನೋಡಬೇಕು ಅಂತ ಹಾವೇರಿ ಡಾಕ್ಟರ್ ಪ್ರಿಯಂವದಾ ಬರದು ಕೊಟ್ಟಿದ್ರು. ಸೊಸಿ ನಾಗಲಕ್ಷ್ಮಿ ಆರು ತಿಂಗಳು ತಪ್ಪದ ಮಾಡಿದಳು. ಒಂದು ದಿನ ಹುಡುಗಿ ಬೆರಳು ನೋಡಿ ಇವರ ಕಣ್ಣಾಗ ನೀರು ಬಂತು. ಖರೇನ ಬಂತು, ಸುಳ್ಳು ಯಾಕ ಹೇಳ್ಲಿ. "ಕೂಸಿನ ಬೆರಳು ಜರಡಿ ಮಾಡಿಟ್ಟೀರಲ್ಲೋ" ಅಂದ್ರು. ಅಕಿ ಮುಂಗೈ ಹಿಡದು, ಅಮುಕಿ, ಕಣ್ಣು ಮುಚ್ಚಿ, "ಸಕ್ಕರಿ ಚಲೋ ಐತಿ. ಇವತ್ತು ಬೆರಳು ಚುಚ್ಚೋದು ಬ್ಯಾಡ" ಅಂದ್ರು.

ಅಲ್ಲಿಂದ ಶುರುವಾತು ನೋಡ್ರಿ. ಇನ್ಸುಲಿನ್ ಏನೋ ಡಾಕ್ಟರ್ ಬರದು ಕೊಟ್ಟಷ್ಟು ಹೋಗತಿತ್ತು. ಆದ್ರ ಸಕ್ಕರಿ ಎಷ್ಟೈತಿ ಅಂತ ಸೊಸಿ ನೋಡೋದು ವಾರಕ್ಕೊಮ್ಮೆ, ಅದೂ ಇವರು ಪ್ಯಾಟಿಗೆ ಹೋದಾಗ ಕದ್ದು. ಮ್ಯಾಲ ಕಾಯ್ದೆ ಬ್ಯಾರೆ. ಹಾಲು ಸಿಹಿ, ಬಂದ್. ಮೊಸರು ಹಾಲಿಂದನ ಆಗತೈತಿ, ಅದೂ ಬಂದ್. ಖೋ-ಖೋ ಆಡಿ ಸುಸ್ತಾಗಿ ಬಿದ್ರ ಹೆಂಗ, ಬಿಸಲಾಗ ಕೂಸು ಬಾಡತೈತಿ, ಮನ್ಯಾಗ ಕುಂದ್ರಲಿ. ಮೆಣಸಿನಕಾಯಿಗೆ ಎರಡೆರಡು ಬಿಸಲು ಕೊಡಸೋ ಮನಷ್ಯಾ ಮೊಮ್ಮಗಳಿಗೆ ಒಂದು ಬಿಸಲು ಕೊಡಲಿಲ್ಲ! ಮಗ ಮಾಲತೇಶ ಅಪ್ಪನ ಮುಂದ ತುಟಿ ಪಿಟಕ್ ಅನ್ನಾಂವಲ್ಲ. ನಾ ಅಂದೆ. ಹೊಳ್ಯಾಗ ಹುಣಸಿಹಣ್ಣು ತೊಳದಂಗಾತು. ನಾಕು ದಿನ ಬಡಕೊಂಡು ಆಮ್ಯಾಲ ನಾನೂ ಸುಮ್ಮನಾದೆ. ಅದು ನನ್ನ ತಪ್ಪು, ಒಪ್ಪಕೋತೇನಿ.

ಎರಡು ವರ್ಷದಾಗ ಓಣಿ ತುಂಬ ಇವರ ಕೈಗುಣದ್ದ ಸುದ್ದಿ. ಬಾಜೂಮನಿ ತಾಜಬಿ ಗಂಡನ್ನ ಕರಕೊಂಡು ಬಂದ್ಲು. ಇವರು ಕೈ ಒತ್ತಿ "ನಿನಗ ಸಕ್ಕರಿ ಇಲ್ಲೋ ಮಾರಾಯಾ" ಅಂದ್ರು. ಆತ ಅವತ್ತ ಸಂಜಿಮುಂದ ಅರ್ಧ ಕಿಲೋ ಪೇಡೆ ತಿಂದ.

ದೀಪಾಲಿಗೆ ಬೇಕಾಗಿದ್ದು ಒಂದ. ಸಾಲಿ ಖೋ-ಖೋ ತಂಡ ರಾಣೆಬೆನ್ನೂರಿಗೆ ಆಡಾಕ ಹೋಗೂದಿತ್ತು, ಅದರ ಜೋಡಿ ತಾನೂ ಹೋಗಬೇಕು. ದಿನಾ ಮುಂಜಾನೆ ತಾನ ಕೈ ಒಡ್ಡಿ, "ಅಜ್ಜಾ, ಚಲೋ ಐತಿಲ್ಲೋ? ಕಳಸ್ತಿಯಿಲ್ಲೋ?" ಅಂತ ಕೇಳಾಕಿ. ಕಡೀಕ ಇವರು, "ಹದಿನೈದು ದಿನಾ ಒಂದು ಸವನ ಚಲೋ ಇದ್ರ ಕಳಸ್ತೇನಿ" ಅಂತ ಮಾತು ಕೊಟ್ರು. ಹುಡುಗಿ ಕ್ಯಾಲೆಂಡರ್ ಮ್ಯಾಲ ಗೆರಿ ಎಳಿಯಾಕ ಹತ್ತಿದಳು.

ಹದಿಮೂರನೇ ದಿನ ಸಾಲಿಂದ ಫೋನ್. ಹುಡುಗಿ ಬಲಗೈಲೆ ಪೆನ್ನು ಹಿಡಿಯಾಕ ಆಗವಲ್ದು, ಮುಂಗೈ ಬಾತೈತಿ ಅಂತ. ಹಾವೇರಿಗೆ ಓಡಿದ್ವಿ. ಎಕ್ಸರೇ ತಗಿಸಿದ್ರ ಎಲುಬು ಸೀಳಿತ್ತು.

ಪ್ರಿಯಂವದಾ ಡಾಕ್ಟರ್ ರಕ್ತದ ರಿಪೋರ್ಟ್ ಮುಂದಿಟ್ರು. "ಮೂರು ತಿಂಗಳ ಸಕ್ಕರಿ ಸರಾಸರಿ ಹನ್ನೊಂದರ ಮ್ಯಾಲ ಅದರಿ. ಏಳರ ಹತ್ರ ಇರಬೇಕಿತ್ತು. ಹಿಂಗ ಏರೇ ಇದ್ರ ಬೆಳಿಯೋ ಹುಡುಗರ ಎಲುಬು ಗಟ್ಟಿ ಆಗಂಗಿಲ್ಲ. ಡಿ ವಿಟಮಿನ್ನೂ ಭಾಳ ಕಡಿಮಿ ಅದ. ಹಾಲು ಕುಡಿಯಂಗಿಲ್ಲೇನು? ಬಿಸಲಾಗ ಆಡಂಗಿಲ್ಲೇನು?"

ಇವರು ಗಂಟಲು ಸರಿ ಮಾಡಕೊಂಡು, "ನಾನ ಬ್ಯಾಡ ಅಂದಿದ್ನಿರಿ. ದಿನಾ ಕೈ ಹಿಡದು ನೋಡತಿದ್ನಿ. ಎಲ್ಲಾ ಬರೋಬ್ಬರಿ ಇತ್ತು" ಅಂದ್ರು. ಅಯ್ಯ ಶಿವನ, ಎಕ್ಸರೇ ಮುಂದ ಕುಂತು ಹೇಳೋ ಮಾತಾ ಅದು!

ಡಾಕ್ಟರ್ ನಗಲೂ ಇಲ್ಲ, ಬೈಯಲೂ ಇಲ್ಲ. "ಬೆರಳು ಚುಚ್ಚೇ ನೋಡಬೇಕ್ರಿ ಅಜ್ಜಾರ. ಹಾಲು ಅಳತಿ ಮಾಡಿ, ಇನ್ಸುಲಿನ್ ಹೊಂದಿಸಿ ಕೊಡ್ರಿ. ಕೈ ಕೂಡಿದ ಮ್ಯಾಲ ಓಡಲಿ, ಜಿಗೀಲಿ. ಆಡಿದ್ರನ ಎಲುಬಿಗೆ ಬಲ" ಅಂದು ಹುಡುಗಿ ಕಡೆ ತಿರುಗಿದ್ರು. "ಯಾವಾಗ ಬಿದ್ದೀಯವಾ?"

"ಎಂಟು ದಿನಾ ಆತ್ರಿ. ಕಟ್ಟಿ ಇಳಿಯೂಮುಂದ ಜಾರಿದೆ."

ಮೊಳಕಾಲೆತ್ತರ ಇಲ್ಲ ನಮ್ಮ ಮನಿ ಕಟ್ಟಿ. ಇವರಿಗೆ ಸಿಟ್ಟು ಬಂತು. "ಎಂಟು ದಿನಾ ನನಗ ಹೇಳಾಕ ಏನಾಗಿತ್ತು ನಿನಗ? ದಿನಾ ಇದ ಕೈ ಹಿಡೀತೇನಲ್ಲ!"

"ನೀ ಒತ್ತಿದಾಗೆಲ್ಲಾ ಭಾಳ ನೋಯತಿತ್ತು ಅಜ್ಜಾ" ಅಂದಳು ದೀಪಾಲಿ. "ಅತ್ತಿದ್ರ ನೀ ಚಲೋ ಇಲ್ಲ ಅಂತಿದ್ದಿ. ಅದಕ್ಕ ನಗತಿದ್ನಿ."